ಆಟಗಳಿಗೆ ಕ್ಷೌರ ಮಾಡುವ ಒಮೇಲಿಯೊ

ಮತಾನ್ಸಾಸ್ ಊರಿನಲ್ಲಿ, ಕೊಲ್ಲಿಯ ಕಡೆಗೆ ಇಳಿಯುವ ನಮ್ಮ ಬೀದಿಯಲ್ಲಿ, ಒಮೇಲಿಯೊ ಯಾರು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ವಯಸ್ಸಾದವರು "ಲೈಟರಿನವನು" ಅನ್ನುತ್ತಾರೆ. ಬಾಗಿಲ ಮುಂದೆ ಪುಟ್ಟ ಮೇಜು ಹಾಕಿಕೊಂಡು, ಖಾಲಿಯಾದ ಸಿಗರೇಟ್ ಲೈಟರುಗಳಿಗೆ ಮತ್ತೆ ಗ್ಯಾಸು ತುಂಬಿ, ಕಿಡಿ ಹಾರಿಸುವ ಕಲ್ಲು ಬದಲಿಸಿ ಕೊಡುವುದು ಅವನ ಹೊಟ್ಟೆಪಾಡು. ಬೇರೆ ದೇಶಗಳಲ್ಲಿ ಮುಗಿದ ಕೂಡಲೇ ಬಿಸಾಡುವ ಲೈಟರು ಇಲ್ಲಿ ಏಳೇಳು ಜನ್ಮ ಎತ್ತುತ್ತದೆ. ಆದರೆ ಹುಡುಗರನ್ನು, ಹುಡುಗುಬುದ್ಧಿ ಬಿಡದ ದೊಡ್ಡವರನ್ನು ಕೇಳಿದರೆ, "ಕ್ಷೌರದವನಾ?" ಅನ್ನುತ್ತಾರೆ. ಒಮೇಲಿಯೊ ಇದುವರೆಗೆ ಯಾರ ತಲೆಗೂ ಕತ್ತರಿ ಇಟ್ಟವನಲ್ಲ. ಅವನು ಕ್ಷೌರ ಮಾಡುವುದು ಕಂಪ್ಯೂಟರ್ ಆಟಗಳಿಗೆ.

ಇಂಟರ್ನೆಟ್ಟು ಎಂಬುದು ನಮ್ಮ ಬೀದಿಗೆ ಬಾರದ ಕಾಲದಲ್ಲಿ ಈ ಕಸುಬು ಶುರುವಾಯಿತು. ಇಂಟರ್ನೆಟ್ಟು ಇಲ್ಲದಿದ್ದರೂ ಆಟಕ್ಕೇನೂ ಬರವಿರಲಿಲ್ಲ. ಒಂದು ತಾರಸಿಯಿಂದ ಇನ್ನೊಂದು ತಾರಸಿಗೆ, ನೀರಿನ ತೊಟ್ಟಿ ಬಳಸಿ, ಬಟ್ಟೆ ಒಣಗಿಸುವ ಹಗ್ಗದ ಜೊತೆಗೇ ಕೇಬಲ್ ಎಳೆದು ಜನರೇ ಒಂದು ಜಾಲ ಕಟ್ಟಿಕೊಂಡಿದ್ದರು. ಆಟಗಳು ಹಡಗಿನವರ ಚೀಲದಲ್ಲೋ, ಪರದೇಶದಿಂದ ಬಂದ ಚಿಕ್ಕಮ್ಮನ ಪೆಟ್ಟಿಗೆಯಲ್ಲೋ ಬರುತ್ತಿದ್ದವು. ಬಂದಾಗ ಒಂದೊಂದೂ ಸ್ನಾನದ ಹಂಡೆಯಷ್ಟು ದಪ್ಪ. ನಮ್ಮ ಜಾಲವೋ, ಲೋಟದ ಬಾಯಿಯಷ್ಟು. ಒಮೇಲಿಯೊ ಕೂತು ಯಾರಿಗೂ ಬಾರದ ಭಾಷೆಗಳ ಮಾತು, ಹಾಡು, ನಡುನಡುವೆ ಕತೆ ಹೇಳಲು ಬರುವ ಸಿನಿಮಾ ತುಣುಕು, ಎಲ್ಲ ಕಿತ್ತು ಹಾಕುತ್ತಿದ್ದ. ಕಿತ್ತ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೈಲೊಂದನ್ನು, ಒಳಗೇನೂ ಇಲ್ಲದ ಡಬ್ಬಿಯಂತೆ, ಇಡುತ್ತಿದ್ದ. ಡಬ್ಬಿ ಇದ್ದರೆ ಸಾಕು, ಆಟಕ್ಕೆ ಮೋಸಹೋದದ್ದು ಗೊತ್ತಾಗುವುದಿಲ್ಲ. ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತದೆ. ಎಲ್ಲೂ ನಿಲ್ಲದೆ ಓಡುವ ಆಟ ಕಂಡರೆ "ಇದು ಒಮೇಲಿಯೊ ಕ್ಷೌರ" ಎಂದು ಆಚೆ ಗುಡ್ಡದವರೂ ತಲೆದೂಗುತ್ತಿದ್ದರು.

ಅವನ ಸಿದ್ಧಾಂತ ಸರಳ. ಆಟ ಅಂದರೆ ಗುರಿ ಮತ್ತು ಗುಂಡು. ಬಂದೂಕು ಎತ್ತಿದರೆ ಕೈಗೆ ಅದರ ಭಾರ ತಿಳಿದಂತಾಗಬೇಕು, ಹೊಡೆದರೆ ಭುಜಕ್ಕೆ ಒದ್ದಂತಾಗಬೇಕು, ಮೂಲೆ ತಿರುಗುವಾಗ ಎದೆ ಡವಡವ ಅನ್ನಬೇಕು. "ಉಳಿದಿದ್ದೆಲ್ಲ ಕೂದ್ಲು," ಅನ್ನುತ್ತಿದ್ದ. ಬ್ರೆಡ್ಡಿನ ಬೇಕರಿಯಲ್ಲಿ ಹಿಟ್ಟು ನಾದುವ ಯೊಸ್ವೆಲ್ ಇದಕ್ಕೆ ಸೈ. ಅವನಿಗೆ ನಾಯಕನ ಹೆಸರೂ ಬೇಡ, ಕುಲಗೋತ್ರವೂ ಬೇಡ, ಕೈಗೊಂದು ಜೋಡಿನಳಿಗೆ ಬಂದೂಕು ಕೊಟ್ಟರೆ ಸಾಕು. ಒಪ್ಪದವನು ನಿಕಾನೋರ್ ತಾತ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ರೈಲು ಓಡಿಸಿ ನಿವೃತ್ತನಾದವನು. ಬೆರಳು ನಡುಗುವುದರಿಂದ ಆಡುವುದಿಲ್ಲ. ತನ್ನ ಮನೆಯಿಂದಲೇ ಕುರ್ಚಿ ಹೊತ್ತು ತಂದು ಹಿಂದೆ ಕೂತು ನೋಡುತ್ತಾನೆ, ನೋಡುವುದಕ್ಕಿಂತ ಹೆಚ್ಚು ಮಾತಾಡುತ್ತಾನೆ.

"ಅಲ್ಲಯ್ಯಾ, ಆ ಪುಣ್ಯಾತ್ಮ ಯಾಕೆ ಇಷ್ಟೊಂದು ಜನರನ್ನ ಕೊಲ್ತಿದಾನೆ ಅಂತ ಗೊತ್ತಾಗ್ಬೇಡ್ವಾ?" ಅನ್ನುತ್ತಿದ್ದ ತಾತ.

"ಅವ್ರು ಇವನನ್ನ ಹೊಡೀತಿದಾರಲ್ಲ ತಾತ, ಅದಕ್ಕೆ," ಅನ್ನುತ್ತಿದ್ದ ಯೊಸ್ವೆಲ್.

"ಅವ್ರು ಯಾಕೆ ಹೊಡೀತಿದಾರೆ?"

"ಇವನು ಹೊಡೀತಿದಾನಲ್ಲ!"

"ಥೂ ನಿನ್ನ. ನನ್ನ ರೈಲು ಹಳಿ ತಪ್ಪಿದ್ದು ಒಂದೇ ಸಲ. ನಿನ್ನ ತಲೆ ಹುಟ್ಟಿದಾಗಿಂದ್ಲೂ ತಪ್ಪೇ ಇದೆ."

ಎಲ್ಲ ಆಟಗಳಿಗಿಂತ ಹೆಚ್ಚು ಜಗಳ ತಂದದ್ದು 'ಉಪ್ಪಿನ ಬಂದರು'. ಅದರಲ್ಲೊಬ್ಬ ಸಾರ್ಜೆಂಟು, ಶತ್ರುಗಳ ಕೈಯಲ್ಲಿರುವ ಬಂದರಿನಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನು. ಊರಿನಲ್ಲಿ ಹೆಂಡತಿ ಕಾಯುತ್ತಿದ್ದಾಳೆ ಎಂದು ಬಂದೂಕಿಗೆ ಗುಂಡು ತುಂಬುವಾಗೆಲ್ಲ ಗೊಣಗುತ್ತಾನೆ. ಬೀದಿಬೀದಿ ಹೊಡೆದಾಡಿಕೊಂಡು ಕೊನೆಗೆ ದೀಪಸ್ತಂಭದ ಸುರುಳಿ ಮೆಟ್ಟಿಲು ಹತ್ತಬೇಕು. ಮೇಲೆ ದೀಪ ಹಚ್ಚಿದರೆ ದೋಣಿ ಬರುತ್ತದೆ ಎಂಬ ಮಾತು. ಆ ಮೆಟ್ಟಿಲಿನ ಹೊಡೆದಾಟದಂಥದ್ದು ಇನ್ನೊಂದು ಆಟದಲ್ಲಿ ಬಂದಿಲ್ಲ ಎಂಬುದರಲ್ಲಿ ಬೀದಿಗೆ ಎರಡು ಮಾತಿಲ್ಲ. ಹತ್ತಿ, ಸತ್ತು, ಮತ್ತೆ ಹತ್ತಿ, ಅಂತೂ ಒಂದು ಸಲ ದೀಪದ ಗುಂಡಿ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಸಮುದ್ರದ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳುತ್ತದೆ. ಆಮೇಲೆ ಅದೂ ಇಲ್ಲ.

ಮೊದಲ ಸಲ ಹಾಗಾದಾಗ ಒಮೇಲಿಯೊ ಮನೆಯ ಹಜಾರದಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿ ಫ್ಯಾನು ನೋಡಿದರು. ನಮ್ಮಲ್ಲಿ ಏನೇ ಕಪ್ಪಾದರೂ ಜನ ಮೊದಲು ಫ್ಯಾನು ನೋಡುತ್ತಾರೆ, ಕರೆಂಟು ಹೋಯಿತೆಂದು. ಫ್ಯಾನು ತಿರುಗುತ್ತಲೇ ಇತ್ತು.

"ಕರೆಂಟಿದೆ!" ಅಂದ ಯೊಸ್ವೆಲ್, ದೆವ್ವ ಕಂಡವನಂತೆ.

"ಹಾಗಾದ್ರೆ ಮುಗೀತು," ಅಂದ ನಿಕಾನೋರ್ ತಾತ. "ಸತ್ತ."

"ಸತ್ರೆ ಪರದೆ ಕೆಂಪಾಗುತ್ತೆ ತಾತ, ಕಪ್ಪಾಗಲ್ಲ. ಇಷ್ಟು ಹೊತ್ತೂ ಸತ್ತಾಗೆಲ್ಲ ಕೆಂಪೇ ಆಗಿದ್ದು."

"ಅದು ಆಟದ ಸಾವು ಕಣೋ. ಇದು ನಿಜವಾದ್ದು."

"ಸಾವೂ ಇಲ್ಲ ಏನೂ ಇಲ್ಲ. ಹಳೇ ದೀಪ, ಬಲ್ಬು ಸಿಡೀತು ಅಷ್ಟೇ."

ಇಬ್ಬರೂ ತೀರ್ಪಿಗಾಗಿ ಒಮೇಲಿಯೊ ಮುಖ ನೋಡಿದರು. ಕತೆ ಅಂದರೆ ಕೂದಲು ಅನ್ನುತ್ತಿದ್ದ ಆಸಾಮಿ ಆ ಕಪ್ಪು ಪರದೆಯನ್ನೇ ದಿಟ್ಟಿಸುತ್ತ ಕೂತಿದ್ದ. ಬೇರೆ ಕಡೆಗಳಲ್ಲಿ ಅವನು ಕತ್ತರಿಸಿದ ಜಾಗ ಬಂದಾಗ ಆಟ ತಡವರಿಸುತ್ತದೆ, ಅದು ಅವನಿಗೆ ಗುರುತು. ಇಲ್ಲಿ ತಡವರಿಕೆಯೇ ಇರಲಿಲ್ಲ. ಸಮುದ್ರದ ಸದ್ದು ನಿಧಾನವಾಗಿ ಇಳಿಯಿತು. ಯಾರೋ ಕೂತು, ಯೋಚಿಸಿ, ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

"ಸತ್ತ ಅಂತ ಆಟ ಹೇಳ್ಲಿಲ್ಲ. ಬದುಕಿದ ಅಂತಾನೂ ಹೇಳ್ಲಿಲ್ಲ. ಹೇಳ್ದೇ ಇರೋದನ್ನ ನಾವ್ಯಾಕೆ ತುರುಕ್ಬೇಕು? ಅದನ್ನ ಹಾಗೇ ಬಿಡ್ರೋ," ಅಂದ. ಕತೆಯೊಂದರ ಪರವಾಗಿ ಅವನು ಬಾಯಿ ತೆರೆದದ್ದು ಅದೇ ಮೊದಲು.

ತೆರೆದ ಬಾಯಿ ಆಮೇಲೆ ಮುಚ್ಚಲಿಲ್ಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ತಂಡ ಕಟ್ಟಿ ಆಡುವಾಗ, ಗುಂಡಿನ ಮಳೆಯ ನಡುವೆಯೂ ಬೀದಿಯ ಜನ ಆ ಕೊನೆಯ ಬಗ್ಗೆ ಕಿತ್ತಾಡುತ್ತಿದ್ದರು, ಒಮೇಲಿಯೊ ಅದರ ಪರ ವಕಾಲತ್ತು ಮಾಡುತ್ತಿದ್ದ. ಅದೇ ಜಾಲದಲ್ಲಿ 'ಏಡಿ' ಎಂಬ ಹೆಸರಿಟ್ಟುಕೊಂಡು ಯಾರೋ ಆಡುತ್ತಿದ್ದರು. ಉದ್ದ ನಳಿಗೆಯ ಬಂದೂಕು ಹಿಡಿದು, ಒಂದು ಗೋಡೆಯ ಮರೆ ಹಿಡಿದರೆ ಹಿಡಿದದ್ದೇ. ಎದುರಿನವನಿಗೆ ತಾಳ್ಮೆ ತಪ್ಪುವವರೆಗೆ ಕಾದು ಒಂದೇ ಗುಂಡಿಗೆ ಕೆಡವುವವರು. ಮಾತಿಲ್ಲ, ಬೈಗುಳವಿಲ್ಲ. ಯಾರೋ ಮೂಗ ಇರಬೇಕು ಎಂದು ಯೊಸ್ವೆಲ್ ಹೇಳಿ ಎಲ್ಲರೂ ನಂಬಿದ್ದರು. ಒಂದು ಮಧ್ಯಾಹ್ನ ನಿಕಾನೋರ್ ತಾತ ಒಮೇಲಿಯೊನ ಪಕ್ಕದಲ್ಲಿ ಕೂತು ಮಾತಿನಲ್ಲೇ ಸಾರ್ಜೆಂಟನ್ನು ಮತ್ತೆ ಸಾಯಿಸುತ್ತಿದ್ದಾಗ, ಹೆಡ್‌ಫೋನುಗಳಲ್ಲಿ ಹೆಣ್ಣುದನಿಯೊಂದು ಕೇಳಿತು.

"ಲೈಟರಿನವ್ರು ಹೇಳ್ತಿರೋದು ಸರಿ. ಅದನ್ನ ಹಾಗೇ ಬಿಡಿ."

"ಯಾರ್ರೀ ಅದು?" ಅಂದ ಯೊಸ್ವೆಲ್.

"ಏಡಿ."

"ಹೆಂಗ್ಸಾ?"

"ಏಡಿಗಳಲ್ಲಿ ಹೆಣ್ಣಿರಲ್ವೇನೋ? ನೀನು ಮೊದ್ಲು ಆ ಕಿಟಕಿಯಿಂದ ತಲೆ ಈಚೆ ತೆಗಿ... ಹೋಯ್ತು."

ಯೊಸ್ವೆಲ್‌ನ ತಲೆ ಹೋಗಿಯೇ ಹೋಗಿತ್ತು.

ಅವಳು ಇದಾಲ್ಮಿಸ್. ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟುಹಲ್ಲು ಮಾಡುವ ಕೆಲಸ. ಕೈ ನಡುಗದಿರುವುದೇ ಆ ಕಸುಬಿನ ಬಂಡವಾಳ. ಅವಳ ಗಂಡ ಫೌಸ್ತಿನೊ ಹಲವು ವರ್ಷಗಳ ಹಿಂದೆ ಲಾರಿ ಚಕ್ರದ ಟ್ಯೂಬಿನ ಮೇಲೆ ಕೂತು, ಕೊಲ್ಲಿಗೆ ಮೀನು ಹಿಡಿಯಲು ಹೋದವನು ಹೋದ. ಹೆಣ ಸಿಗಲಿಲ್ಲ, ಟ್ಯೂಬೂ ಸಿಗಲಿಲ್ಲ. ಊರಿನ ಬಾಯಿಗೆ ಬೀಗ ಹಾಕುವವರುಂಟೇ? ಒಬ್ಬೊಬ್ಬರು ಒಂದೊಂದು ಕೊನೆ ತಂದು ಅವಳ ಬಾಗಿಲಲ್ಲಿಟ್ಟು ಹೋದರು. ಮುಳುಗಿದ ಅಂದರು ಕೆಲವರು. ಶಾರ್ಕ್ ಮೀನು ಎಳೆದುಕೊಂಡಿತು ಅಂದರು ಇನ್ನು ಕೆಲವರು. ಹೆಚ್ಚಿನವರು ದನಿ ತಗ್ಗಿಸಿ, ಅಕ್ಕರೆ ತೋರಿಸುತ್ತ, ಅವನು ಅಲೆಯ ಮೇಲೆ ತೇಲಿಕೊಂಡು ಸಮುದ್ರದಾಚೆಯ ದೇಶದ ದಡ ಸೇರಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ಕಂಡವರಿದ್ದಾರೆ ಎನ್ನುತ್ತಿದ್ದರು. ಕಂಡವರು ಯಾರೆಂದು ಕೇಳಿದರೆ, ಕಂಡವರನ್ನು ಕಂಡವರಿದ್ದಾರೆ ಎಂಬ ಉತ್ತರ. ಹಾಗಿರುವಾಗ, ಹೇಳದೇ ಇರುವುದನ್ನು ತುರುಕಬೇಡಿ ಎಂದು ವಾದಿಸುವ ಒಬ್ಬ ಗಂಡಸಿನ ದನಿ ಹೆಡ್‌ಫೋನಿನಲ್ಲಿ ಕೇಳಿದರೆ ಅವಳು ಕಿವಿಗೊಡದೆ ಇರುತ್ತಾಳೆಯೇ?

ಹಾಗೆ ಕೂಡಿದ ಗಂಟು ಅದು. ಮೊದಲು ಅವಳು ಲೈಟರು ತುಂಬಿಸುವ ನೆಪದಲ್ಲಿ ಬಂದಳು. ಸಿಗರೇಟು ಸೇದದವಳಿಗೆ ಲೈಟರೇಕೆ ಎಂದು ನಿಕಾನೋರ್ ತಾತ ಕೇಳಿದ್ದಕ್ಕೆ, "ಒಲೆ ಹಚ್ಚೋಕೆ. ನಿಮ್ಮ ಮೀಸೆಗೂ ಹಚ್ಬೇಕಾ?" ಅಂದಳು. ಆಮೇಲೆ ನೆಪ ಬೇಕಾಗಲಿಲ್ಲ. ಅವನು ಅವಳ ಮನೆಗೆ ಹೋಗಿ ಕಪ್ಪು ಹುರುಳಿಕಾಯಿ ಬೀಜದ ಸಾರು, ಅನ್ನ ಉಂಡು ಬರುತ್ತಿದ್ದ. ಅವಳು ಇಲ್ಲಿ ಬಂದು ಕಾಫಿ ಕುಡಿದು, ನಾಲ್ಕು ಜನರನ್ನು ಕೊಂದು ಹೋಗುತ್ತಿದ್ದಳು. ಆದರೆ ಅವನು ಅಲ್ಲಿ ಉಳಿಯುವಂತಿಲ್ಲ, ಅವಳು ಇಲ್ಲಿ ಉಳಿಯುವಂತಿಲ್ಲ. ಕಾಗದದ ಪ್ರಕಾರ ಅವಳು ಇನ್ನೂ ಫೌಸ್ತಿನೊನ ಹೆಂಡತಿ. ವಕೀಲರ ಕಚೇರಿಗೆ ಹೋಗಿ ಅದನ್ನು ಬಗೆಹರಿಸಿ ಮದುವೆಯಾಗೋಣ ಎಂದು ಒಮೇಲಿಯೊ ಕೇಳಿದ. ಇನ್ನೊಮ್ಮೆ ಕೇಳಿದ.

"ಅದೊಂದು ಕಪ್ಪಾಗೇ ಇರ್ಲಿ ಬಿಡು," ಅಂದಳು. "ನೀನೇ ಹೇಳಿದ್ಯಲ್ಲ."

ತನ್ನ ಮಾತೇ ತನ್ನ ಕಾಲಿಗೆ ಸುತ್ತಿಕೊಂಡರೆ ಯಾರನ್ನು ಬೈಯುವುದು? ಅವನು ಮತ್ತೆ ಕೇಳಲಿಲ್ಲ. ಆದರೆ ಅವನಿಗೆ ಬೇಕಿತ್ತು. ಒಂದೇ ಮನೆ, ಒಂದೇ ಒಲೆ, ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಅವಳು. ನಲವತ್ತು ದಾಟಿದ ಮೇಲೆ ಸಿಕ್ಕಿದ ಹೆಂಗಸನ್ನು ನನ್ನ ಹೆಂಡತಿ ಎಂದು ನಾಲ್ಕು ಜನರ ಮುಂದೆ ಹೇಳುವ ಆಸೆ ಅವನಿಗೆ ಬಹಳ ಇತ್ತು. ಆ ಆಸೆ ಇಟ್ಟುಕೊಂಡೇ ಅವನು ಕಪ್ಪು ಪರದೆಯ ಪರವಾಗಿ ವಾದ ಮಾಡಿಕೊಂಡು ವರ್ಷಗಳನ್ನು ತಳ್ಳಿದ.

ಹೀಗಿರುವಾಗ ಯೊಸ್ವೆಲ್‌ನ ಭಾವ ಹಡಗಿನಿಂದ ಇಳಿದ. ಯೊಸ್ವೆಲ್ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು ಮೇಜಿನ ಮೇಲೆ ಡಿಸ್ಕೊಂದನ್ನು ಇಟ್ಟ.

"ಅಣ್ಣಾ, ಉಪ್ಪಿನ ಬಂದರು ಬಂದಿದೆ! ಹೊಸದಾಗಿ ತಿದ್ದಿ ತೀಡಿದಾರಂತೆ. ಮೆಟ್ಟಿಲ ಮೇಲೆ ಖಾಲಿ ತೋಟಾ ಉರುಳೋದೂ ಕಾಣುತ್ತಂತೆ. ಬೇಗ ಬೋಳಿಸಿ ಕೊಡು."

ಒಮೇಲಿಯೊ ಕ್ಷೌರಕ್ಕೆ ಕೂತ. ಅವನು ಎಂದೂ ತುಣುಕುಗಳನ್ನು ತೆರೆದು ನೋಡುವವನಲ್ಲ; ದಪ್ಪ ನೋಡಿ ಕತ್ತರಿಸುವವನು. ಎಲ್ಲ ತುಣುಕುಗಳಿಗೂ ಅಂಕಿಗಳದೇ ಹೆಸರು. ಎಲ್ಲಕ್ಕಿಂತ ಕೊನೆಯ ಅಂಕಿಯದು ಎಲ್ಲಕ್ಕಿಂತ ದಪ್ಪ ಇತ್ತು. ಕತ್ತರಿಸಲು ಹೋದವನು ತಡೆದು ನಿಂತ. ದೀಪ ಹಚ್ಚಿದ ಮೇಲೆ ಏನೂ ಇಲ್ಲವಲ್ಲ, ಇದೆಲ್ಲಿ ಬಂತು? ತನ್ನ ಹಳೆಯ ಕ್ಷೌರದ ಆಟವನ್ನು ತೆರೆದು ಹುಡುಕಿದ. ಅದೇ ಅಂಕಿ ಅಲ್ಲೂ ಇತ್ತು. ತೂಕವಿಲ್ಲದ, ತನ್ನ ಕೈಯಾರೆ ಇಟ್ಟ ಖಾಲಿ ಡಬ್ಬಿ. ಅದರಾಚೆ ಓಡಲು ಏನೂ ಉಳಿದಿರಲಿಲ್ಲ, ಅದಕ್ಕೇ ಆಟ ತಡವರಿಸಿರಲಿಲ್ಲ.

ದಪ್ಪ ತುಣುಕನ್ನು ತೆರೆದು ನೋಡಿದ. ದೀಪ ಹತ್ತಿತು. ದೋಣಿ ಬಂತು. ಸಾರ್ಜೆಂಟು ಹತ್ತಿದ. ಆಮೇಲೆ ಬೇರೊಂದು ಬಂದರು, ಬಿಸಿಲು, ಹಣ್ಣಿನ ಸಂತೆ. ಸಾರ್ಜೆಂಟಿನ ಹೆಗಲ ಮೇಲೆ ಒಂದು ಮಗು, ಪಕ್ಕದಲ್ಲಿ ನಗುವ ಹೆಂಗಸು. ಕಾಯುತ್ತಿದ್ದಾಳೆ ಎಂದು ಗೊಣಗುತ್ತಿದ್ದನಲ್ಲ, ಆ ಹೆಂಡತಿಯಲ್ಲ, ಬೇರೊಬ್ಬಳು. ಅವನು ಜೇಬಿನಿಂದ ಹಳೆಯ ಫೋಟೋ ಒಂದನ್ನು ತೆಗೆದು ನೋಡಿ, ಗಾಳಿಗೆ ಬಿಟ್ಟ. ಫೋಟೋ ನೀರಿಗೆ ಬಿತ್ತು. ಹಿಂದಿನಿಂದ ಒಂದು ಹಾಡು ಬಂತು, ಜೇನುತುಪ್ಪಕ್ಕೆ ಸಕ್ಕರೆ ಬೆರೆಸಿದಂಥದ್ದು. ಮುಗಿಯಿತು.

ಒಮೇಲಿಯೊಗೆ ಮೊದಲು ನಗು ಬಂತು. ಇಷ್ಟು ವರ್ಷ ತಾನು ಎದೆ ತಟ್ಟಿಕೊಂಡು ಹೊಗಳಿದ ಕತ್ತಲೆ ತನ್ನದೇ ಕತ್ತರಿಯದು! ಎರಡನೆಯ ಉಸಿರಿಗೆ ಇದಾಲ್ಮಿಸ್ ನೆನಪಾದಳು. ನಗು ಅಲ್ಲೇ ಹೆಪ್ಪುಗಟ್ಟಿತು. ಊರಿನವರು ದನಿ ತಗ್ಗಿಸಿ ಹೇಳುತ್ತಿದ್ದ ಕತೆಯನ್ನೇ ಯಾರೋ ಎಲ್ಲೋ ಕೂತು ಬಣ್ಣಬಣ್ಣವಾಗಿ ಸಿನಿಮಾ ಮಾಡಿಟ್ಟಿದ್ದರು.

ಮಾರನೆಯ ದಿನ ಅವನ ಕೈ ಕೈಯಲ್ಲಿರಲಿಲ್ಲ. ಅಂಚೆಯವನ ಲೈಟರಿಗೆ ಗ್ಯಾಸು ಹೆಚ್ಚಾಗಿ, ಹಚ್ಚಿ ನೋಡಿದ ಕೂಡಲೇ ಅರ್ಧ ಹುಬ್ಬು ಚುರ್ ಅಂದಿತು. "ಈಗ ಮನುಷ್ಯರಿಗೂ ಶುರು ಮಾಡಿದ್ಯೇನಯ್ಯಾ ಕ್ಷೌರ?" ಎಂದು ಅಂಚೆಯವನು ಬೈದು ಹೋದ. ಒಮೇಲಿಯೊನ ಕಿವಿಗೆ ಅದು ಬೀಳಲಿಲ್ಲ. ಇನ್ನೊಂದು ಸಲ ಕತ್ತರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಯೊಸ್ವೆಲ್‌ಗೆ ಉರುಳುವ ತೋಟಾ ಸಾಕು. ನಿಕಾನೋರ್ ತಾತನಿಗೆ ಜಗಳ ಸಾಕು. ಇದಾಲ್ಮಿಸ್‌ಗೆ ಕತ್ತಲೆ ಸಾಕು, ಆ ಕತ್ತಲೆಯಿಂದಲೇ ಅವಳು ಇಲ್ಲಿಗೆ ಬಂದದ್ದು. ಆದರೆ ಅಂದು ಗೊತ್ತಿಲ್ಲದೆ ಕತ್ತರಿಸಿದ್ದ. ಈಗ ಕತ್ತರಿಸಿದರೆ ಗೊತ್ತಿದ್ದೂ ಕತ್ತರಿಸಿದ ಹಾಗೆ. ಅವಳ ಬಾಗಿಲಿಗೆ ಊರಿನವರು ತಂದಿಟ್ಟ ಕೊನೆಗಳ ಸಾಲಿನಲ್ಲಿ ತನ್ನದೂ ಒಂದಾಗುತ್ತದೆ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಂಜೆಯವರೆಗೆ ಒದ್ದಾಡಿ, ಮೇಜು ಒಳಗಿಟ್ಟು ಅವಳ ಮನೆಗೆ ನಡೆದ.

ಅವಳು ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಉಪ್ಪಿನ ಬಂದರಿಗೆ ಒಂದು ಕೊನೆ ಇದೆ," ಅಂದ, ನಿಂತುಕೊಂಡೇ.

"ಇದೆಯಲ್ಲ. ಕಪ್ಪು."

"ಅದು ಕೊನೆ ಅಲ್ಲ. ನನ್ನ ಕತ್ತರಿ."

ಅವಳ ಬೆರಳು ಅಕ್ಕಿಯ ಮೇಲೆ ನಿಂತಿತು. "ಅಂದ್ರೆ ಇಷ್ಟು ವರ್ಷ ಗೊತ್ತಿದ್ದೂ ನಂಗೆ..."

"ಗೊತ್ತಿರ್ಲಿಲ್ಲ. ನಮ್ಮಮ್ಮನಾಣೆ ಗೊತ್ತಿರ್ಲಿಲ್ಲ ಇದಾಲ್ಮಿಸ್. ನಿನ್ನೆ ಗೊತ್ತಾಯ್ತು. ತೆಗೆದು ನೋಡ್ದೆ."

"ಸತ್ನಾ?"

ಒಮೇಲಿಯೊ ಮೊರದ ಅಕ್ಕಿಯತ್ತ ನೋಡಿದ.

"ಕೆಟ್ಟದಾ?"

"ಹೂಂ."

"ಆಟಕ್ಕೆ ಕೆಟ್ಟದಾ, ನಂಗೆ ಕೆಟ್ಟದಾ?"

"ನಿಂಗೆ."

ಅವಳು ಒಂದು ಕಲ್ಲು ಆರಿಸಿ ಹಿತ್ತಲಿಗೆ ಎಸೆದಳು. ಇನ್ನೊಂದು ಆರಿಸಿದಳು.

"ಊರವ್ರೆಲ್ಲ ನಿಂಗೆ ಕೊನೆ ಹೇಳಿದಾರೆ," ಅಂದ ಒಮೇಲಿಯೊ. "ಬೇಕಾ ಬೇಡ್ವಾ ಅಂತ ಯಾರೂ ಕೇಳ್ಲಿಲ್ಲ. ಅದಕ್ಕೇ ಬಂದೆ. ಬೇಡ ಅಂದ್ರೆ ಕತ್ತರಿಸ್ತೀನಿ. ಬೇಕು ಅಂದ್ರೆ ಬಿಡ್ತೀನಿ."

"ಮೊದ್ಲು ಕೇಳ್ದೇ ಕತ್ತರಿಸಿ, ಈಗ ಕೇಳೋಕೆ ಬಂದ್ಯಾ?" ಅಂದಳು ಇದಾಲ್ಮಿಸ್. ಮೊರ ಕೆಳಗಿಟ್ಟು ಎದ್ದಳು. "ಆ ಕತ್ಲೆ ನಂಬ್ಕೊಂಡು ನಾನು ಇಷ್ಟು ವರ್ಷ ಕಾಲ ಹಾಕಿದೀನಿ ಮಾರಾಯಾ. ಹೋಗು. ಈಗ ಹೋಗು ನೀನು."

ಅವನು ಹೋದ. ಆ ವಾರ ಜಾಲದಲ್ಲಿ ಏಡಿಯ ಸುಳಿವಿಲ್ಲ, ಕಾಫಿಗೂ ಬರಲಿಲ್ಲ. ಮುಗಿಯಿತು ಎಂದುಕೊಂಡ ಒಮೇಲಿಯೊ. ತಂಡದಲ್ಲಿ ಆಡಲು ಕೂತರೂ ಗೋಡೆಗೆ ಗುಂಡು ಹೊಡೆದುಕೊಂಡು ನಿಲ್ಲುತ್ತಿದ್ದ. "ಅಣ್ಣಾ, ಗೋಡೆ ಸತ್ತು ಆಗ್ಲೇ ಬಹಳ ಹೊತ್ತಾಯ್ತು," ಎಂದು ಯೊಸ್ವೆಲ್ ಗೊಣಗಿದ. ಶನಿವಾರ ಯೊಸ್ವೆಲ್ಲೇ ಸುದ್ದಿ ತಂದ.

"ಅಕ್ಕ ಬ್ರೆಡ್ಡಿಗೆ ಬಂದಿದ್ರು. ನಾಳೆ ಮಧ್ಯಾಹ್ನ ಆಡೋಕೆ ಬರ್ತಾರಂತೆ. ಒಂದು ಕೂದ್ಲೂ ತೆಗೀಕೂಡ್ದು ಅಂತ ನಿಂಗೆ ಹೇಳೋಕೆ ಹೇಳಿದ್ರು. ಎಲ್ರನ್ನೂ ಕರೀಬೇಕಂತೆ. ಹಿಂದೆ ನಿಂತು ಪಿಸುಗುಟ್ಟೋರು ಮುಂದೆ ಕೂತು ನೋಡ್ಲಿ ಅಂದ್ರು. ಏನಣ್ಣಾ ಸಮಾಚಾರ?"

"ನಾಳೆ ನೋಡು," ಅಂದ ಒಮೇಲಿಯೊ.

ಭಾನುವಾರ ಹಜಾರ ತುಂಬಿತು. ನಿಕಾನೋರ್ ತಾತ ಕುರ್ಚಿ ಹೊತ್ತು ತಂದ. ಕಿಟಕಿಯ ಸರಳುಗಳಿಗೆ ಅಕ್ಕಪಕ್ಕದ ಹೆಂಗಸರ ಮುಖಗಳು ಅಂಟಿಕೊಂಡವು. ಇದಾಲ್ಮಿಸ್ ಯಾರ ಮುಖವನ್ನೂ ನೋಡದೆ ಬಂದು ಕೂತು, ಮೌಸಿನ ಮೇಲೆ ಕೈಯಿಟ್ಟಳು. ದೀಪಸ್ತಂಭದ ಬಾಗಿಲಿನಿಂದ ಶುರು. ಅವಳ ಕೈಯಲ್ಲಿ ಅದೇ ಉದ್ದ ಬಂದೂಕು.

"ಸುರುಳಿ ಮೆಟ್ಟಿಲಲ್ಲಿ ಉದ್ದ ಬಂದೂಕಾ?" ಯೊಸ್ವೆಲ್ ತಲೆ ಚಚ್ಚಿಕೊಂಡ. "ತಿರುಗೋಕೇ ಜಾಗ ಇಲ್ಲ ಅಕ್ಕಾ. ಜೋಡಿನಳಿಗೆ ತಗೊಳ್ಳಿ, ಎದುರಿಗೆ ಬಂದವನ ಎದೆಗೆ ಇಟ್ಟು ಒತ್ತಿ."

"ನಿಂದು ಹಿಟ್ಟು ನಾದೋ ಆಟ. ಸುಮ್ನಿರು."

ಅವಳು ಕೂಡಲೇ ಹತ್ತಲಿಲ್ಲ. ಕೆಳಗಿನ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಳು. ಮೇಲಿನಿಂದ ಬೂಟುಗಳ ಸದ್ದು. ಸುರುಳಿಯ ನಡುವಿನ ಟೊಳ್ಳಿನಲ್ಲಿ ನೆಟ್ಟಗೆ ಮೇಲಕ್ಕೆ ಗುರಿಯಿಟ್ಟು, ಕಂಬಿಯ ಸಂದಿನಲ್ಲಿ ಬೂಟು ಕಂಡ ಕೂಡಲೇ ಒಂದೇ ಗುಂಡು. ಒಬ್ಬ ಉರುಳಿ ಬಂದ. ಕಾಯುವುದು, ಕೇಳುವುದು, ಮತ್ತೊಂದು ಗುಂಡು. ಯೊಸ್ವೆಲ್‌ನ ಬಾಯಿ ತೆರೆದದ್ದು ಹಾಗೇ ಇತ್ತು. ಹಾಗೇ ಒಂದೊಂದೇ ತಿರುವು ಹತ್ತಿ ತುದಿ ತಲುಪುವಾಗ ಗುಂಡು ಮುಗಿದವು. ಬಿದ್ದವನ ಜೋಡಿನಳಿಗೆಯನ್ನು ಎತ್ತಿಕೊಂಡಳು. ಅದರಲ್ಲಿ ಎರಡೇ ತೋಟಾ, ಎದುರಿಗೆ ಮೂವರು. ನಿಕಾನೋರ್ ತಾತ ಕಣ್ಣು ಮುಚ್ಚಿಕೊಂಡ. ಅವಳು ಕಾದಳು. ಇಬ್ಬರು ಒಂದೇ ಸಾಲಿಗೆ ಬರುವವರೆಗೆ ಕಾದು ಒತ್ತಿದಳು. ಉಳಿದವನಿಗೆ ಇನ್ನೊಂದು. ಕಿಟಕಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅವಳು ದೀಪದ ಗುಂಡಿ ಒತ್ತಿದಳು.

ತುಣುಕು ಓಡಿತು. ದೋಣಿ ಬಂದಾಗ "ನೋಡಿದ್ಯಾ, ಬದುಕಿದ!" ಎಂದು ಯೊಸ್ವೆಲ್ ಕುಣಿದ. ಮಗು ಕಂಡಾಗ ಅವನ ಕುಣಿತ ನಿಂತಿತು. ಬೇರೊಬ್ಬ ಹೆಂಗಸು ಕಂಡಾಗ ಕಿಟಕಿಯ ಮುಖಗಳು ಒಂದೊಂದಾಗಿ ಕೆಳಗೆ ನೋಡಿದವು. ಈ ಕತೆಯನ್ನು ಇದಾಲ್ಮಿಸ್‌ಗೆ ಹೇಳಿದವರೆಲ್ಲ ಅಲ್ಲೇ ಇದ್ದರು. ಫೋಟೋ ನೀರಿಗೆ ಬಿತ್ತು, ಹಾಡು ಬಂತು. ಒಮೇಲಿಯೊ ಗೋಡೆಗೆ ಒರಗಿ ಅವಳ ಬೆನ್ನನ್ನೇ ನೋಡುತ್ತಿದ್ದ.

"ಚಿತ್ರ ಮಾತ್ರ ಬಹಳ ಚೊಕ್ಕಟ," ಅಂದ ಯೊಸ್ವೆಲ್, ಏನಾದರೂ ಹೇಳಬೇಕಲ್ಲ ಎಂದು. ನಿಕಾನೋರ್ ತಾತ ಟೋಪಿ ತೆಗೆದು ಅವನ ತಲೆಗೊಂದು ಕೊಟ್ಟ.

ಇದಾಲ್ಮಿಸ್ ಅತ್ತಳು. ಸೆರಗೂ ಇಲ್ಲ, ಮರೆಯೂ ಇಲ್ಲ, ಮೂಗು ಸುರಿಸಿಕೊಂಡು ಎಲ್ಲರ ಮುಂದೆ ಜೋರಾಗಿ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿಸಿ, ಅಂಗೈಯಲ್ಲಿ ಮುಖ ಒರೆಸಿಕೊಂಡು ಒಮೇಲಿಯೊ ಕಡೆ ತಿರುಗಿದಳು.

"ಮುಳುಗಿದ ಅಂದಾಗ ನಂಗೆ ಭಯ ಆಗ್ತಿರ್ಲಿಲ್ಲ ಕಣೋ. ಮುಳುಗಿದ್ರೆ ಅಳ್ಬಹುದು, ಪೂಜೆ ಮಾಡಿಸ್ಬಹುದು. ನಂಗೆ ಭಯ ಇದ್ದಿದ್ದು ಇದೊಂದಕ್ಕೆ. ಅದಕ್ಕೇ ಕತ್ಲೆ ಬೇಕಿತ್ತು. ಕತ್ಲೆ ಚೆನ್ನಾಗಿತ್ತು ಅಂತಲ್ಲ."

"ನಾನು ಕತ್ತರಿಸಿದ್ರೆ..." ಎಂದು ಶುರುಮಾಡಿದ ಒಮೇಲಿಯೊ.

"ಕತ್ತರಿಸಿದ್ರೆ ಇನ್ನೂ ಹೆದರ್ಕೊಂಡೇ ಇರ್ತಿದ್ದೆ. ಈಗ ನೋಡಿದ್ದಾಯ್ತಲ್ಲ. ನೋಡಿದ್ರೆ ಏನಿದೆ ಇದ್ರಲ್ಲಿ? ಒಬ್ಬ ಮನುಷ್ಯ, ಒಂದು ಮಗು, ಸಂತೆ." ಅವಳು ಮೂಗು ಏರಿಸಿಕೊಂಡಳು. "ಆ ಹಾಡು ಮಾತ್ರ ಹೊಟ್ಟೆ ತೊಳಸೋ ಹಾಗಿದೆ. ಅದನ್ನ ಕತ್ತರಿಸು."

ಕಿಟಕಿಯ ಹೆಂಗಸರಲ್ಲಿ ಒಬ್ಬಳು ಮೊದಲು ನಕ್ಕಳು. ಆಮೇಲೆ ಹಜಾರವೆಲ್ಲ ನಕ್ಕಿತು. ಒಮೇಲಿಯೊ ಕಾಫಿ ಮಾಡಲು ಒಳಗೆ ಹೋದ. ಒಲೆಯ ಮುಂದೆ ನಿಂತು ಅವನೂ ಸ್ವಲ್ಪ ಅತ್ತ, ಅದಕ್ಕೆ ಸಾಕ್ಷಿ ಯಾರೂ ಇಲ್ಲ. ಅವನು ತಟ್ಟೆಯಲ್ಲಿ ಕಾಫಿ ತರುವ ಹೊತ್ತಿಗೆ ನಿಕಾನೋರ್ ತಾತ ಮತ್ತು ಯೊಸ್ವೆಲ್ ಆ ಫೋಟೋದಲ್ಲಿ ಇದ್ದದ್ದು ಹೆಂಡತಿಯೋ ತಾಯಿಯೋ ಎಂದು ಕಿತ್ತಾಡುತ್ತಿದ್ದರು.

ಆ ವಾರವೇ ಒಂದು ಬೆಳಿಗ್ಗೆ ಇದಾಲ್ಮಿಸ್ ಆಸ್ಪತ್ರೆಗೆ ರಜೆ ಹೇಳಿ, ಒಮೇಲಿಯೊನ ಮೇಜನ್ನು ತಾನೇ ಎತ್ತಿ ಒಳಗಿಟ್ಟು, ಅವನನ್ನು ಹೊರಡಿಸಿಕೊಂಡು ವಕೀಲರ ಕಚೇರಿಗೆ ಹೋದಳು. ಗುಮಾಸ್ತೆ ಹುಡುಗಿ ಕನ್ನಡಕ ಸರಿಮಾಡಿಕೊಂಡು ಫೌಸ್ತಿನೊನ ಹೆಸರು, ವಯಸ್ಸು, ಕೊನೆಯ ಸಲ ಕಂಡದ್ದು ಯಾವಾಗ, ಎಲ್ಲ ಕೇಳಿಕೊಂಡಳು. ಆಮೇಲೆ ಪೆನ್ನು ಎತ್ತಿ ಹಿಡಿದು, ಇದರಲ್ಲಿ ಎರಡು ದಾರಿ ಇದೆ ಅಂದಳು: ಗಂಡ ಸತ್ತಿದ್ದಾನೆಂದು ಘೋಷಿಸುವುದು ಒಂದು, ಬಿಟ್ಟು ಹೋಗಿದ್ದಾನೆಂದು ವಿಚ್ಛೇದನ ಪಡೆಯುವುದು ಇನ್ನೊಂದು.

"ನೀವು ಹೇಳ್ಬೇಕಮ್ಮ. ಸತ್ರು ಅಂತ ಬರ್ಕೊಳ್ಲಾ, ಬಿಟ್ಟು ಹೋದ್ರು ಅಂತ ಬರ್ಕೊಳ್ಲಾ?"

ಒಮೇಲಿಯೊ ಕೈ ಹಿಸುಕಿಕೊಳ್ಳುತ್ತ ನೆಲ ನೋಡಿದ.

"ಯಾವ್ದು ಬೇಗ ಆಗುತ್ತೋ ಅದನ್ನ ಬರ್ಕೊಳಮ್ಮ," ಅಂದಳು ಇದಾಲ್ಮಿಸ್.